ಕೆಂಪು ಇಂಟು ಹಾಕಿದ ಕಲ್ಲು

"ಬಂದು ನಿಮ್ ಮಗಳ್ನ ಕರ್ಕೊಂಡೋಗಿ ಬೀಗ್ರೆ" ಎಂದು ಪಿಳ್ಳಮ್ಮ ಫೋನು ಮಾಡಿದಾಗ ನಾನು ಫ್ಯಾಕ್ಟರಿಯಲ್ಲಿ ಕಲ್ಲಿನ ಮುಂದೆ ನಿಂತಿದ್ದೆ. ಒಂದು ಕಡೆ ಗರಗಸ, ಇನ್ನೊಂದು ಕಡೆ ಪಾಲಿಶ್ ಮೆಷಿನ್ನು, ಆ ಗದ್ದಲದ ನಡುವೆ ಈ ಮಾತು. ಗೇಟಿನ ತನಕ ಓಡಿಬಂದು, "ಏನಾಯ್ತಕ್ಕಾ, ಬಿಡಿಸಿ ಹೇಳಿ" ಎಂದೆ.

"ಏನ್ ಬಿಡ್ಸಿ ಹೇಳೋದು? ಪುರಟಾಸಿ ಶನಿವಾರದ ದಿನ ನಮ್ಮನೆ ಅಡುಗೆಮನೇಲಿ ಮೊಟ್ಟೆ ಬೇಯ್ಸವ್ಳೆ ನಿಮ್ ಮಗಳು. ನಾನೇ ಮೂಗ್ನಲ್ಲಿ ಕಂಡಿವ್ನಿ. ಬರೋ ಶನಿವಾರ ತಳಿಗೆ ಇಡೋಕ್ ಮುಂಚೆ ಬಂದು ಕರ್ಕೊಂಡೋಗ್ಬುಡಿ. ಮಿಕ್ಕಿದ್ದು ಆಮೇಕ್ ನೋಡಾಣ."

ಪಿಳ್ಳಮ್ಮ ನನ್ನ ಮಗಳು ಮೇಘಶ್ರೀಯ ಅತ್ತೆ. ಡೆಂಕಣಿಕೋಟೆಯಿಂದ ಆಚೆಗೆ ಅವರ ಊರು, ಕಾಡಂಚಿನಲ್ಲಿ ರಾಗಿ ಹೊಲ. ಮಗ ಭೈರೇಶ ಹೊಸೂರಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಪುರಟಾಸಿ ಬಂತೆಂದರೆ ನಮ್ಮ ಕಡೆ ಮಾಂಸದಂಗಡಿಯವರು ನೊಣ ಹೊಡೆಯುತ್ತಾ ಕೂರುತ್ತಾರೆ. ಅದು ತಿಮ್ಮಪ್ಪನ ತಿಂಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಶನಿವಾರಗಳಲ್ಲಂತೂ ಹಣೆಗೆ ನಾಮ ಇಟ್ಟು, ದೇವರ ಮುಂದೆ ಬಾಳೆಲೆಯ ಮೇಲೆ ಅನ್ನದ ತಳಿಗೆ ಇಟ್ಟು, ಗೋವಿಂದನನ್ನು ಕೂಗಿ ಆಮೇಲೆಯೇ ಊಟ. ಪಿಳ್ಳಮ್ಮ ಇದರಲ್ಲಿ ಬಲು ಕಟ್ಟುನಿಟ್ಟು.

ಮೇಘ ಐದು ತಿಂಗಳ ಬಸುರಿ, ಚೊಚ್ಚಲು. ಏಳರಲ್ಲಿ ಸೀಮಂತ ಮಾಡಿ, ಮಡಿಲು ತುಂಬಿಸಿಕೊಂಡು, ನಾಲ್ಕು ಜನ ನೋಡುವ ಹಾಗೆ ತವರಿಗೆ ಕರೆತರುವುದು ಪದ್ಧತಿ. ಐದಕ್ಕೇ ಗಂಟುಮೂಟೆ ಕಟ್ಟಿ ಕಳಿಸಿದರೆ ಅದು ಬಾಣಂತನವಲ್ಲ, ಓಡಿಸುವುದು. "ಆಮೇಕ್ ನೋಡಾಣ" ಎಂದರೆ ಏನರ್ಥ ಎಂದು ಹೆಣ್ಣು ಹೆತ್ತವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಮಧ್ಯಾಹ್ನ ನನ್ನ ಬುತ್ತಿ ಹಾಗೇ ಉಳಿಯಿತು.

ಮೇಘಳಿಗೆ ಫೋನು ಮಾಡಿದೆ. "ಏನೇ ಇದು, ಮೊಟ್ಟೆ ತಿಂದ್ಯಾ?"

"ಇಲ್ಲಮ್ಮ."

"ಮತ್ತೆ ವಾಸನೆ ಎಲ್ಲಿಂದ ಬಂತು?"

"ಗೊತ್ತಿಲ್ಲಮ್ಮ. ನೀನು ಬರ್ಬೇಡ, ನಾನೇ ಹೆಂಗೋ ಸರಿ ಮಾಡ್ಕೊತೀನಿ" ಎಂದು ಇಟ್ಟುಬಿಟ್ಟಳು. ನನ್ನ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ಎಲ್ಲವನ್ನೂ ಹೇಳುತ್ತಿಲ್ಲ ಎಂಬುದು ಆ ದನಿಯಲ್ಲೇ ಗೊತ್ತಾಯಿತು. ಬಸುರಿಯ ಬಯಕೆ, ಒಂದು ಮೊಟ್ಟೆ ಬಾಯಿಗೆ ಹಾಕಿಕೊಂಡಿದ್ದರೂ ಇರಬಹುದು ಎಂದು ನಾನೇ ಅನುಮಾನಪಟ್ಟೆ. ಆ ಪಾಪವೂ ನನ್ನ ತಲೆಯ ಮೇಲಿದೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಕೋಮಲಾ. ಫ್ಯಾಕ್ಟರಿಯಲ್ಲಿ ಕಲ್ಲು ಕೋಮಲಮ್ಮ. ಕನಕಪುರದ ಕಡೆಯಿಂದ ಗಂಡನ ಜೊತೆ ಹೊಸೂರಿಗೆ ಬಂದು ಇಪ್ಪತ್ತೇಳು ವರ್ಷ, ಅದರಲ್ಲಿ ಇಪ್ಪತ್ತೆರಡು ವರ್ಷ ಈ ಗ್ರಾನೈಟ್ ಫ್ಯಾಕ್ಟರಿಯಲ್ಲಿ. ಪಾಲಿಶ್ ಆಗಿ ಬಂದ ಕಪ್ಪು ಕಲ್ಲಿನ ಮೇಲೆ ನೀರು ಚಿಮುಕಿಸಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ನೋಡುವುದು ನನ್ನ ಕೆಲಸ. ಚೆನ್ನಾಗಿದ್ದರೆ ಕೆಂಪು ಮೇಣದ ಬಳಪದಿಂದ ಟಿಕ್. ಸಣ್ಣ ಬಿರುಕಿದ್ದರೆ ಸೊನ್ನೆ. ಹಳದಿ ಚುಕ್ಕೆ ಇದ್ದರೆ ಇಂಟು. ಇಂಟು ಬಿದ್ದ ಕಲ್ಲು ಹಿತ್ತಲಿನ ಶೆಡ್ಡಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಅದಕ್ಕೆ ಗತಿ ಇಲ್ಲ. ನನ್ನ ಬಳಪದ ಮುಂದೆ ಯಜಮಾನರೂ ತುಟಿ ಎರಡು ಮಾಡುವುದಿಲ್ಲ. ಇದನ್ನು ಜಂಭದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಜಂಭಪಡುವಂಥದ್ದೇನೂ ಇಲ್ಲ.

ಶನಿವಾರ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಡೆಂಕಣಿಕೋಟೆಯಲ್ಲಿ ಇಳಿದು ಹೂವು, ಬಾಳೆಹಣ್ಣು, ತುಳಸಿ ಮಾಲೆ ತೆಗೆದುಕೊಂಡು ಆಟೋ ಹತ್ತಿದೆ. ಬೀಗಿತ್ತಿಯ ಕಾಲು ಹಿಡಿಯಬೇಕಾಗಿ ಬಂದರೆ ಹಿಡಿಯುವುದು, ಏನಾದರೂ ಮಾಡಿ ಏಳನೇ ತಿಂಗಳ ತನಕ ಹುಡುಗಿಯನ್ನು ಅಲ್ಲೇ ಉಳಿಸಿ ಬರುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮೇಘ ಜಗಲಿಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಪಕ್ಕದಲ್ಲೇ ಅವಳ ಬಟ್ಟೆಯ ಬ್ಯಾಗು. ಅಡುಗೆಮನೆಗೆ ಕಾಲಿಡಕೂಡದು ಎಂದು ಅಪ್ಪಣೆಯಾಗಿದೆಯಂತೆ. "ಬಾಮ್ಮ" ಎಂದು ಎದ್ದಳು. ಕೈ ಹಿಡಿದುಕೊಂಡರೆ ಬೆರಳ ತುದಿಯ ಚರ್ಮವೆಲ್ಲ ಬೆಳ್ಳಗೆ ಸುಲಿದಿದೆ, ಗೆಣ್ಣುಗಳ ಹತ್ತಿರ ಒಡೆದು ಕೆಂಪಗಾಗಿದೆ.

"ಏನೇ ಇದು ಕೈ?"

"ಏನಿಲ್ಲಮ್ಮ, ಸೋಪಿನ ಪುಡಿ" ಎಂದು ಕೈ ಎಳೆದುಕೊಂಡಳು.

ಅಷ್ಟರಲ್ಲಿ ಪಿಳ್ಳಮ್ಮ ಬಂದರು. ಹಣೆಯ ತುಂಬ ನಾಮ, ಒದ್ದೆ ಕೂದಲಿಗೆ ಗಂಟು. ನೀರು ಕೊಟ್ಟರು, ಚಾಪೆ ಹಾಕಿದರು. ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಅದೇ ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಭೈರೇಶ ಮೂಲೆಯಲ್ಲಿ ನಿಂತು, "ಬನ್ನಿ ಅತ್ತೆ" ಎಂದವನು ಮತ್ತೆ ಬಾಯಿ ತೆಗೆಯಲಿಲ್ಲ. ಅಮ್ಮ ಒಂದು ಕಡೆ, ಹೆಂಡತಿ ಒಂದು ಕಡೆ, ಪಾಪ ಅವನೇನು ಮಾಡಿಯಾನು!

"ನಾನು ಸುಮ್‌ಸುಮ್ನೆ ಹೇಳೋಳಲ್ಲ ಬೀಗ್ರೆ" ಎಂದರು ಪಿಳ್ಳಮ್ಮ. "ಆ ನರ್ಸಮ್ಮ ಬಂದು ಇವಳ್ಗೆ 'ಡೈಲಿ ಒರು ಮುಟ್ಟೆ ಸಾಪ್ಪುಡಮ್ಮ' ಅಂತ ತಮಿಳ್ನಲ್ಲಿ ಹೇಳ್ಬುಟ್ಟು ಹೋದ್ಲು. ನಾನ್ ಬ್ಯಾಡ ಅಂದ್ನಾ? ದಿನಾ ಒಂದ್ ಮೊಟ್ಟೆ ನಾನೇ ಬೇಯ್ಸಿ ಕೊಡ್ತಿದ್ದೆ. ಈ ಒಂದ್ ತಿಂಗಳು ತಡ್ಕೊ ಕಣಮ್ಮಿ, ಹಾಲು ಕುಡಿ, ಹೆಸರುಕಾಳು ತಿನ್ನು ಅಂದೆ. ಹೋದ್ ಶನಿವಾರ ನಾನು ತುಳಸಿ ಕಿತ್ಕೊಂಡ್ ಬಂದು ನೋಡ್ತೀನಿ, ಅಡುಗೆಮನೆ ಕಿಟಕಿ ಬಾಗ್ಲು ಹಾಕವ್ಳೆ. ಒಳೀಕ್ ಹೋದ್ರೆ ಕೆಟ್ಟ ಮೊಟ್ಟೆ ವಾಸ್ನೆ ಮೂಗಿಗ್ ಹೊಡೀತು. ಇವಳು ಬ್ರಷ್ಷು ಹಿಡ್ಕೊಂಡು ಆಸಿಡ್ ಹಾಕ್ಕೊಂಡು ಒಲೆ ಕಟ್ಟೆ ಕಲ್ಲು ತಿಕ್ತಾ ಅವ್ಳೆ, ವಾಸ್ನೆ ಹೋಗ್ಲಿ ಅಂತ. ಕೇಳಿದ್ರೆ ತಿಮ್ಮಪ್ಪನ ಮೇಲೆ ಆಣೆ ಮಾಡ್ತಾಳೆ, ತಿಂದಿಲ್ಲ ಅಂತ. ಹಂಗಾರೆ ವಾಸ್ನೆ ಎಲ್ಲಿಂದ ಬಂತು ಹೇಳು ಅಂದ್ರೆ ಬಾಯಿಗ್ ಬೀಗ. ತಿಂದಿದ್ರೂ ಕ್ಷಮಿಸ್ತಿದ್ದೆ. ದೇವ್ರ ಮೇಲೆ ಸುಳ್ಳಾಣೆ ಮಾಡಿದ್ಲಲ್ಲ, ಅದು ನಂಗೆ ತಡಿಯೋಕಾಗಲ್ಲ."

ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆಯನ್ನು ಓಡಿಸಲು ನೆಪ ಹುಡುಕುವ ಹೆಂಗಸಲ್ಲ ಅವರು. ನಿಜವಾಗಿ ನೊಂದಿದ್ದರು.

"ಬನ್ನಿ, ನೀವೇ ನೋಡ್ಬನ್ನಿ. ನೀವು ಕೊಟ್ಟ ಕಲ್ಲನ್ನ ಯಾವ್ ಸ್ಥಿತಿಗೆ ತಂದವ್ಳೆ ಅಂತ. ಫಾರಿನ್‌ಗೆ ಹೋಗೋ ಕಲ್ಲು ಅಂದಿದ್ರಿ ನೀವು. ಐದ್ ತಿಂಗಳಲ್ಲಿ ಹಿಂಗ್ ಮಾಡವ್ಳೆ."

ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ನಾನು ಕೊಟ್ಟ ಕಪ್ಪು ಕಲ್ಲು. ಒಲೆಯ ಸುತ್ತ, ಸಿಂಕಿನ ಸುತ್ತ, ಸಾರಿನ ಪಾತ್ರೆ ಇಳಿಸುವ ಜಾಗದಲ್ಲಿ ಎಲ್ಲ ಕಡೆ ಕಂದು ಕಲೆ. ಒಂದೊಂದು ಕಲೆಯ ನಡುವೆಯೂ ರಾಗಿಕಾಳಿನಷ್ಟು ಗುಳಿ. ನಾನು ಅಂಗೈ ಒದ್ದೆ ಮಾಡಿಕೊಂಡು ಕಲ್ಲಿನ ಮೇಲೆ ಸವರಿ, ಕಿಟಕಿಯ ಬೆಳಕಿಗೆ ಓರೆಯಾಗಿ ಬಗ್ಗಿ ನೋಡಿದೆ. ಇನ್ನೂ ತುಕ್ಕು ಹಿಡಿಯದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಹಿತ್ತಾಳೆ ಬಣ್ಣಕ್ಕೆ ಹೊಳೆದವು.

ಆ ಕಲ್ಲಿನ ಕತೆ ನನಗೊಬ್ಬಳಿಗೇ ಗೊತ್ತಿತ್ತು. ಹೋದ ವೈಶಾಖದಲ್ಲಿ ಇವರು ಹಳೆಯ ಮನೆ ಕೆಡವಿ ತಾರಸಿ ಮನೆ ಮುಗಿಸಿದರು. ಯಾವುದೋ ಮದುವೆಯಲ್ಲಿ ಪಿಳ್ಳಮ್ಮ ಹತ್ತು ಜನರ ಮುಂದೆ, "ನಮ್ ಬೀಗ್ರು ಕಲ್ ಫ್ಯಾಕ್ಟ್ರಿಲಿ ದೊಡ್ಡೋರು ಕಣ್ರಮ್ಮಿ, ಅವರು ಸೈ ಅಂದ್ರೇನೆ ಕಲ್ಲು ಹಡಗು ಹತ್ತೋದು" ಎಂದುಬಿಟ್ಟರು. ನಾನು ಉಬ್ಬಿಹೋದೆ. ಗೃಹಪ್ರವೇಶಕ್ಕೆ ಅಡುಗೆಕಟ್ಟೆಯ ಕಲ್ಲು ನನ್ನದೇ, ಫಾರಿನ್‌ಗೆ ಹೋಗುವಂಥದ್ದೇ ಎಂದು ಅಲ್ಲೇ ಮಾತು ಕೊಟ್ಟೆ. ಒಳ್ಳೆಯ ಕಲ್ಲು ಕೊಳ್ಳುವ ಶಕ್ತಿ ನನಗೆಲ್ಲಿಂದ ಬರಬೇಕು? ಯಜಮಾನರನ್ನು ಕೇಳಿದರೆ, "ಹಿಂದಿನ ಶೆಡ್ಡಲ್ಲಿ ಯಾವುದು ಬೇಕೋ ತಗೊಳ್ಳಮ್ಮ" ಎಂದರು. ಅಲ್ಲಿ ಇದು ನಿಂತಿತ್ತು. ಜರಿ ಸೀರೆಯ ಹಾಗೆ ಹೊಳೆಯುತ್ತಿತ್ತು. ಹಿಂದಿನ ವಾರವಷ್ಟೇ ನಾನೇ ಇಂಟು ಹಾಕಿದ್ದ ಕಲ್ಲು. ಇಷ್ಟು ಸಣ್ಣ ಚುಕ್ಕೆ, ಮನೆಯೊಳಗೆ ಏನಾಗುತ್ತದೆ ಬಿಡು ಎಂದು ನನಗೆ ನಾನೇ ಹೇಳಿಕೊಂಡು, ಥಿನ್ನರ್ ಹಾಕಿ ನನ್ನ ಇಂಟನ್ನು ನಾನೇ ಒರೆಸಿದೆ.

ಆ ಚುಕ್ಕೆ ಏನೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಕಬ್ಬಿಣ, ಗಂಧಕ ಎರಡೂ ಕೂಡಿ ಆದದ್ದು ಅದು. ಮಣ್ಣಿನ ಆಳದಲ್ಲಿ ಇರುವ ತನಕ ತೆಪ್ಪಗಿರುತ್ತದೆ. ಕೊಯ್ದು ಹೊರಗೆ ತಂದು, ನೀರು ಗಾಳಿ ಎರಡೂ ತಾಗಿದವೋ, ಮೈಮೇಲಿನ ಕಬ್ಬಿಣ ತುಕ್ಕಾಗಿ ಹರಿಯುತ್ತದೆ. ಗಂಧಕ ಹುಳಿನೀರಾಗುತ್ತದೆ. ಆ ಹುಳಿ ಮತ್ತೆ ಅದೇ ಚುಕ್ಕೆಯನ್ನು ತಿನ್ನುತ್ತದೆ, ಪಕ್ಕದ್ದನ್ನೂ ತಿನ್ನುತ್ತದೆ. ಅಡುಗೆಮನೆ ಎಂದ ಮೇಲೆ ನೀರು ಬೇಡವೇ? ಹುಣಸೆಹುಳಿ, ನಿಂಬೆರಸ, ಹುಳಿ ಮಜ್ಜಿಗೆ ಚೆಲ್ಲುವುದಿಲ್ಲವೇ? ಇನ್ನು ಬಾತ್‌ರೂಮಿನ ಆಸಿಡ್ ಹಾಕಿ ತಿಕ್ಕಿದರೆ ಕೇಳುವುದೇ ಬೇಡ. ಮೇಲಿನ ತುಕ್ಕು ಕರಗಿ ಕಲ್ಲು ಅರ್ಧ ದಿನ ಹೊಸದಾಗಿ ಕಾಣುತ್ತದೆ, ಕೆಳಗಿನ ಹೊಸ ಚುಕ್ಕೆ ಬಾಯಿ ತೆರೆದುಕೊಂಡು ಎರಡು ದಿನಕ್ಕೆ ಮೊದಲಿಗಿಂತ ಹೆಚ್ಚು ತುಕ್ಕು. ಆಸಿಡ್ ಬಿದ್ದ ಗಳಿಗೆಯಲ್ಲಿ ಆ ಗಂಧಕ ಗಾಳಿಯಾಗಿ ಏಳುತ್ತದಲ್ಲ, ಅದರ ವಾಸನೆ ಥೇಟ್ ಕೊಳೆತ ಮೊಟ್ಟೆ. ಫ್ಯಾಕ್ಟರಿಯಲ್ಲಿ ಅನುಮಾನದ ಕಲ್ಲಿಗೆ ನಾನೇ ಒಂದು ತೊಟ್ಟು ಆಸಿಡ್ ಬಿಟ್ಟು ಮೂಸಿ ನೋಡುತ್ತೇನೆ.

ಅಂದರೆ ನನ್ನ ಮಗಳು ಮೊಟ್ಟೆ ಬೇಯಿಸಿರಲಿಲ್ಲ. ಬೆಂದದ್ದು ನನ್ನ ಕಲ್ಲು.

ಈಗ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಿಳ್ಳಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು, ಅಳಿಯ ಬಾಗಿಲಲ್ಲಿದ್ದ. ಫಾರಿನ್‌ಗೆ ಹೋಗುವ ಕಲ್ಲು ಎಂದವಳು ನಾನು. ಕಸದ ಕಲ್ಲನ್ನು ಉಡುಗೊರೆ ಎಂದು ಕೊಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ? ನನ್ನ ನಾಲಿಗೆ ಏನು ಮಾಡಿತು ಗೊತ್ತೇ? ಬಾಗಿಲ ಕಡೆ ತಿರುಗಿ, "ಏ ಮೇಘಾ, ಇಲ್ಲಿ ಬಾರೇ!" ಎಂದು ಗದರಿತು.

ಅವಳು ಹೊಸ್ತಿಲಲ್ಲಿ ನಿಂತಳು.

"ಕಲ್ಲಿಗೆ ಯಾರಾದ್ರೂ ಆಸಿಡ್ ಹಾಕ್ತಾರೇನೇ? ಕಲ್ಲು ನೋಡೋಳ ಹೊಟ್ಟೇಲಿ ಹುಟ್ಟಿ ಅಷ್ಟೂ ಗೊತ್ತಾಗಲ್ವಾ ನಿಂಗೆ? ಎಂಥಾ ಕಲ್ಲು, ಹಾಳ್ ಮಾಡ್ಬುಟ್ಯಲ್ಲ! ನಾಲ್ಕ್ ಜನ ಬಂದ್ರೆ ನನ್ ಮುಖ ಎಲ್ಲಿ ಇಟ್ಕೊಳ್ಳೋದು?"

ಮೇಘ ತಲೆ ತಗ್ಗಿಸಿದಳು. "ತಪ್ಪಾಯ್ತಮ್ಮ" ಎಂದಳು. ಅಷ್ಟೇ. ಒಂದು ಮಾತು ಎದುರಾಡಲಿಲ್ಲ. ಥೂ, ನನ್ನ ಬಾಯಿಗಿಷ್ಟು! ಈಗಲೂ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನಿಸುತ್ತದೆ.

ಅವಳ ಮುಖ ನೋಡಲಾಗದೆ, ಕಲ್ಲು ಪರೀಕ್ಷೆ ಮಾಡುವವಳ ಹಾಗೆ ಬಗ್ಗಿ ಕಟ್ಟೆಯ ಆ ತುದಿಗೆ ಹೋದೆ. ಅಲ್ಲಿ ಗ್ಯಾಸ್ ಸಿಲಿಂಡರ್ ನಿಲ್ಲಿಸಿದ್ದರು. ಸಿಲಿಂಡರಿನ ಹಿಂದೆ, ಕಲ್ಲಿನ ಪಕ್ಕದ ಅಂಚಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು, ಗೇಣುದ್ದ. ಮೇಲೆ ಎಣ್ಣೆ ಜಿಡ್ಡು, ಧೂಳು ಕೂತು ಗಟ್ಟಿಯಾಗಿತ್ತು. ಅಂಚು ಒಡೆದಿದೆಯೋ ಏನೋ ಎಂದು ಉಗುರಿನಿಂದ ತುದಿ ಎಬ್ಬಿಸಿದೆ.

"ಅಮ್ಮ, ಅದನ್ ತೆಗೀಬೇಡ" ಎಂದಳು ಮೇಘ.

ಆ ಹೊತ್ತಿಗೆ ಟೇಪು ಕೈಗೆ ಬಂದಿತ್ತು. ಕೆಳಗೆ ಕೆಂಪು ಇಂಟು. ನನ್ನದೇ ಬಳಪ, ನನ್ನದೇ ಕೈ. ಶೆಡ್ಡಿನಲ್ಲಿ ಕಲ್ಲುಗಳನ್ನು ನಿಲ್ಲಿಸಿ ಜೋಡಿಸುವುದರಿಂದ ಮುಖದ ಮೇಲೊಂದು, ಅಂಚಿನ ಮೇಲೊಂದು ಇಂಟು ಹಾಕುತ್ತೇನೆ. ಮುಖದ ಮೇಲಿನದನ್ನು ಒರೆಸಿದವಳು ಅಂಚಿನದನ್ನು ಮರೆತಿದ್ದೆ.

ನಾನು ಮೇಘಳನ್ನು ನೋಡಿದೆ. ಚಿಕ್ಕವಳಾಗಿದ್ದಾಗ ಸ್ಕೂಲು ಬಿಟ್ಟು ಫ್ಯಾಕ್ಟರಿಗೇ ಬರುತ್ತಿದ್ದಳು. ನಾನು ಕಲ್ಲು ನೋಡುತ್ತಿದ್ದರೆ ಪಕ್ಕದಲ್ಲಿ ನಿಂತು, "ಇದು ಟಿಕ್ಕಾ, ಇಂಟಾ?" ಎಂದು ನನಗಿಂತ ಮುಂಚೆ ಹೇಳುತ್ತಿದ್ದಳು. ಆ ಗುರುತು ಏನೆಂದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು.

"ಯಾವಾಗ ನೋಡ್ದೆ?" ಎಂದೆ.

"ಕಲ್ಲು ಕೂರಿಸಿದ್ ದಿನಾನೇ" ಎಂದಳು. "ಗೃಹಪ್ರವೇಶದ್ ದಿನ ಎಲ್ರೂ ಬಂದು ನೋಡ್ತಾರಲ್ಲ ಅಂತ ಇವರ ಟೇಪ್ ತಗೊಂಡು ಅಂಟಿಸ್ದೆ. ಅತ್ತೆ ಎಲ್ರ ಮುಂದೇನೂ ನಿನ್ನ ಹೊಗಳ್ತಿದ್ರು. ತುಕ್ಕು ಎದ್ರೆ ತಿಕ್ಕಿ ತಿಕ್ಕಿ ತೆಗುದ್ರಾಯ್ತು ಅಂದ್ಕೊಂಡೆ. ಅದು ಹೋಗ್ಲಿಲ್ಲಮ್ಮ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ."

"ವಾಸನೆ ಕಲ್ಲಿಂದು ಅಂತಾನೂ ಗೊತ್ತಿತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು. "ಕಲ್ಲಿಂದು ಅಂದ್ರೆ, ಕಲ್ಲು ಯಾರ್ದು ಅಂತ ಕೇಳ್ತಿದ್ರಲ್ಲ."

ನನ್ನ ಮರ್ಯಾದೆ ಉಳಿಯಲಿ ಎಂದು ಈ ಹುಡುಗಿ ದೇವರ ಮುಂದೆ ಸುಳ್ಳುಗಾತಿ ಎನಿಸಿಕೊಂಡು, ಕೈ ಸುಟ್ಟುಕೊಂಡು, ಬ್ಯಾಗು ಕಟ್ಟಿ ಜಗಲಿಯಲ್ಲಿ ಕೂತಿದ್ದಳು. ಅವಳ ಎದುರಿಗೆ ನಿಂತು ನಾನು ಈಗ ತಾನೇ ನನ್ನ ಮುಖದ ಬಗ್ಗೆ ಮಾತಾಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಿಳ್ಳಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ನಮ್ಮಿಬ್ಬರನ್ನೂ ನೋಡಿ, "ಏನದು? ನಂಗೂ ವಸಿ ತಿಳಿಯೋ ಹಂಗ್ ಹೇಳ್ರಮ್ಮ" ಎಂದರು.

"ಅಕ್ಕಾ, ಕೂತ್ಕೊಳ್ಳಿ" ಎಂದೆ.

"ನಿಂತ್ಕೊಂಡೇ ಕೇಳ್ತೀನಿ, ಹೇಳಿ."

ಹೇಳಿದೆ. ಒಂದೂ ಬಿಡದೆ ಹೇಳಿದೆ. ಹಿತ್ತಲಿನ ಶೆಡ್ಡು, ಥಿನ್ನರು, ನಾನೇ ಒರೆಸಿದ ಇಂಟು, ಮದುವೆಯಲ್ಲಿ ಕೊಟ್ಟ ಮಾತು, ಈಗ ಅರೆಗಳಿಗೆ ಹಿಂದೆ ಮಗಳನ್ನು ಗದರಿದ್ದು ಎಲ್ಲವನ್ನೂ. ಹೇಳುವಾಗ ಅವರ ಕಣ್ಣು ನೋಡಲಾಗಲಿಲ್ಲ, ಕಲ್ಲನ್ನೇ ನೋಡುತ್ತಾ ಹೇಳಿದೆ. "ನಿಮ್ ಸೊಸೆ ಮೊಟ್ಟೆ ಮುಟ್ಟಿಲ್ಲ ಅಕ್ಕ. ಅವಳ ಆಣೆ ಸುಳ್ಳಲ್ಲ. ನಂದೇ ಸುಳ್ಳು."

"ಕಲ್ಲು ಮೊಟ್ಟೆ ವಾಸ್ನೆ ಬತ್ತದಾ?" ಎಂದರು ಪಿಳ್ಳಮ್ಮ. ನಂಬಲಿಲ್ಲ. ತಾಯಿ ಮಗಳನ್ನು ಉಳಿಸಲು ಕತೆ ಕಟ್ಟುತ್ತಿದ್ದಾಳೆ ಎಂದುಕೊಂಡಿರಬೇಕು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

"ನಿಮ್ ಕಣ್ಣೆದುರಿಗೇ ತೋರಿಸ್ತೀನಿ. ಮೇಘಾ, ನೀನು ಅಂಗಳದ್ ಆಚೆಗ್ ಹೋಗು. ಇನ್ಮೇಲೆ ಈ ಗಾಳಿ ನೀನ್ ಕುಡೀಕೂಡ್ದು. ಕಿಟಕಿ ಹಾಕ್ಕೊಂಡು ತಿಕ್ತಿದ್ಯಲ್ಲ, ತಲೆ ಸುತ್ತುತ್ತಿತ್ತಾ?"

"ಒಂದೆರಡ್ ಸಲ" ಎಂದಳು ಹೋಗುತ್ತಾ. ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ಭೈರೇಶನಿಗೆ ಹೇಳಿದೆ. ನಾಳೆ ಯಾಕೆ, ಇವತ್ತೇ ಹೋಗುತ್ತೇನೆ ಎಂದ.

ಕಿಟಕಿ, ಹಿತ್ತಲ ಬಾಗಿಲು ಎರಡನ್ನೂ ತೆಗೆದೆ. ಭೈರೇಶ ಬಾತ್‌ರೂಮಿನ ಆಸಿಡ್ ಬಾಟಲಿ ತಂದುಕೊಟ್ಟ. ಸಿಂಕಿನ ಪಕ್ಕದಲ್ಲಿ ಚುಕ್ಕೆ ಒತ್ತಾಗಿದ್ದ ಜಾಗವನ್ನು ಒರೆಸಿ, ನಾಲ್ಕೇ ತೊಟ್ಟು ಬಿಟ್ಟೆ. ಚುಕ್ಕೆಗಳ ಸುತ್ತ ಸಣ್ಣ ಗುಳ್ಳೆ ಎದ್ದವು. ಕಂದು ಕಲೆ ಹಳದಿ ನೀರಾಗಿ ಹರಿಯಿತು. ಪಿಳ್ಳಮ್ಮ ಬಗ್ಗಿದರು, ತಟ್ಟನೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಅಯ್ಯೋ ಗೋವಿಂದಾ! ಅದೇ ಕಣಪ್ಪ, ಅದೇ ವಾಸ್ನೆ!"

ನಾನು ನೀರು ಸುರಿದು ತೊಳೆದೆ. ಪಿಳ್ಳಮ್ಮ ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಕೆಂಪಗಾಯಿತು.

"ಬೀಗ್ರೆ, ನಾನ್ ಕಡಪಾ ಕಲ್ಲೇ ಹಾಕ್ಸ್‌ಕೊಳ್ತಿದ್ದೆ. ನಿಮ್ಮನ್ನ ಕಲ್ಲು ಕೊಡಿ ಅಂತ ಕೇಳಿದ್ನಾ ನಾನು?"

"ಇಲ್ಲ."

"ಇಲ್ಲಿ ಬರೋರ್ಗೆಲ್ಲ ತೋರ್ಸಿ ತೋರ್ಸಿ ಹೇಳ್ದೆ, ಫಾರಿನ್ ಕಲ್ಲು ಅಂತ. ನನ್ ಸೊಸೆ ಕೊಳಕಿ ಅಂತಾನೂ ಅವರ್ಗೇ ಹೇಳ್ದೆ. ಬೀದೀಲೆಲ್ಲ ಹೇಳ್ದೆ. ನೀವು ಒಂದ್ ಸುಳ್ಳು ಹೇಳಿದ್ರಿ, ಅದನ್ನ ನನ್ ಕೈಲಿ ನೂರ್ ಸಲ ಹೇಳ್ಸಿದ್ರಿ."

"ಹೌದಕ್ಕ" ಎಂದೆ. ಸಿಟ್ಟು ಬರುವುದು ನನಗೂ ಹುಟ್ಟುಗುಣ, ಇನ್ನೊಂದು ದಿನವಾಗಿದ್ದರೆ ಒಂದಕ್ಕೆರಡು ಕೊಡುತ್ತಿದ್ದೆ. ಅವತ್ತು ಅವರಾಡಿದ ಒಂದೊಂದು ಮಾತೂ ನನಗೆ ಸಲ್ಲಬೇಕಾದದ್ದೇ.

ಆಮೇಲೆ ಪಿಳ್ಳಮ್ಮ ಅಂಗಳಕ್ಕೆ ಹೋದರು. ತುಳಸಿಕಟ್ಟೆಯ ಹತ್ತಿರ ನಿಂತಿದ್ದ ಮೇಘಳ ಕೈ ಎರಡನ್ನೂ ಹಿಡಿದು, ತಿರುಗಿಸಿ ನೋಡಿದರು. ಇಷ್ಟು ದಿನಗಳಲ್ಲಿ ಅವರು ಆ ಕೈಯನ್ನು ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ.

"ನಿಮ್ಮಮ್ಮನ್ ಮಾನ ಕಾಯಾಕೆ ನನ್ ಕೈಲಿ ಇಷ್ಟು ಬೈಸ್ಕೊಂಡ್ಯಾ?"

ಮೇಘ ಕೈ ಎಳೆದುಕೊಳ್ಳಲು ನೋಡಿದಳು.

"ನಂಗೂ ಹಿಂಗೇ ಒಂದ್ ಮಗಳಿದ್ದಿದ್ರೆ ಆಗ್ತಿತ್ತು" ಎಂದರು ಪಿಳ್ಳಮ್ಮ. ಆಮೇಲೆ ಅವರೇ ತಲೆ ಕೊಡವಿಕೊಂಡು, "ಏನ್ ಮಾತಾಡ್ತಾ ಇವ್ನಿ ನಾನು, ಇಲ್ಲೇ ಅವ್ಳಲ್ಲ" ಎಂದು ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು, ಜಗಲಿಯ ಮೇಲೆ ಕೂರಿಸಿಕೊಂಡು ಒಂದೊಂದು ಬೆರಳಿಗೂ ಹಚ್ಚಿದರು. ಬ್ಯಾಗನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಭೈರೇಶ ಅದನ್ನೆತ್ತಿ ಒಳಗಿಟ್ಟು ಬಂದ.

ನನಗೆ ಅಡುಗೆಮನೆಯಲ್ಲಿ ಇನ್ನೊಂದು ಕೆಲಸ ಬಾಕಿ ಇತ್ತು. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಕೆಂಪು ಬಳಪ ಯಾವಾಗಲೂ ಇರುತ್ತದೆ. ತೆಗೆದು, ಕಲ್ಲನ್ನು ಒಣಗಿಸಿ, ಮುಖದ ನಟ್ಟನಡುವೆ ಮೊಳದುದ್ದ ಇಂಟು ಹಾಕಿದೆ. ಇದನ್ನು ಯಾರು ಬಂದು ಕೇಳಿದರೂ ಕೋಮಲಾ ಹಾಕಿದ್ದು, ಕಲ್ಲು ಕೆಟ್ಟದ್ದು, ಕೊಟ್ಟವಳು ಅವಳೇ ಎಂದು ಹೇಳಿ ಎಂದೆ. ದೀಪಾವಳಿಗೆ ಮುಂಚೆ ಕಲ್ಲು ಕಿತ್ತು ಕಡಪಾ ಕಲ್ಲು ಹಾಕಿಸುವುದು ನನ್ನ ಪಾಲಿನದು ಎಂದೆ. ಪಿಳ್ಳಮ್ಮ ಬೇಡ ಎನ್ನಲಿಲ್ಲ. ಅನ್ನಬಾರದು ಕೂಡ.

ತಳಿಗೆಗೆ ಹೊತ್ತಾಗಿತ್ತು. ಅವತ್ತಿನ ಅಡುಗೆಯನ್ನು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹೊಲಕ್ಕೆ ಆನೆ ಬಂದರೆ ತಮಟೆ ಬಡಿದು ಓಡಿಸುವ ಅಟ್ಟಣೆ ಕಟ್ಟಲು ತಂದಿದ್ದ ಸೌದೆಯಲ್ಲಿ ಮಾಡಿದೆವು. ಬಾಳೆಲೆಯ ಮೇಲೆ ಅನ್ನ, ಹುರುಳಿಕಾಯಿ ಪಲ್ಯ, ವಡೆ, ಪಾಯಸ. ಮೇಘಳ ಹಣೆಗೆ ಪಿಳ್ಳಮ್ಮನೇ ನಾಮ ಇಟ್ಟರು. ಕರ್ಪೂರದ ತಟ್ಟೆಯನ್ನು ಅವಳ ಕೈಗೆ ಕೊಟ್ಟು, "ಗಟ್ಟಿಯಾಗ್ ಕೂಗು, ಬೀದಿಗೆಲ್ಲ ಕೇಳ್ಲಿ" ಎಂದರು. ಅವಳು ಕೂಗಿದಳು. ನಾನು ಹಿಂದೆ ನಿಂತು ಕೈ ಮುಗಿದೆ.

ಊಟವಾದ ಮೇಲೆ ಭೈರೇಶ ಆಟೋ ಕರೆಸಿ ನಮ್ಮೆಲ್ಲರನ್ನೂ ಡೆಂಕಣಿಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ನೋಡಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಇನ್ನು ಆಸಿಡ್ ಮುಟ್ಟಬೇಡ ಎಂದು ಬೈದು, ಕೈಗೆ ಮುಲಾಮು ಬರೆದುಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹತ್ತಿಸಲು ಮೂವರೂ ಬಂದರು. ಪಿಳ್ಳಮ್ಮ ಇಡೀ ಮಧ್ಯಾಹ್ನ ನನ್ನ ಜೊತೆ ನಾಲ್ಕು ಮಾತು ಆಡಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, "ಬೀಗ್ರೆ" ಎಂದರು.

"ಹೇಳಿ ಅಕ್ಕ."

"ಶುಕ್ರವಾರಕ್ಕೆ ಪುರಟಾಸಿ ಮುಗೀತದೆ. ಶನಿವಾರ ತಿಮ್ಮಪ್ಪಂದು, ಬ್ಯಾಡ. ಭಾನುವಾರ ಬನ್ನಿ. ಇವಳ್ಗೆ ನಾನೇ ಮೊಟ್ಟೆ ಬೇಯ್ಸಿ ಕೊಡ್ತೀನಿ. ಹೊಸೂರಿಂದ ಒಂದ್ ಡಜನ್ ಮೊಟ್ಟೆ ತಕ್ಕೊಂಬನ್ನಿ." ನಗು ತಡೆದುಕೊಂಡು ಹೇಳಿದರು: "ನೋಡ್ಬುಟ್ಟು ತನ್ನಿ ಮತ್ತೆ. ಇಂಟು ಹಾಕಿರೋದು ಬ್ಯಾಡ."

ಮೇಘ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಬಸ್ಸು ತಿರುವು ದಾಟುವ ತನಕ ನನಗೆ ಅವಳ ನಗು ಕಾಣಿಸುತ್ತಿತ್ತು. ಆಮೇಲೆ ಹೊಸೂರು ಬರುವ ತನಕ ನಾನು ಅಳುತ್ತಾ ಬಂದೆ.